ಕರಿದುಳಿದ ಎಣ್ಣೆಯಿಂದ ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್: ಗಡಿನಾಡಿನ ಕಾಲೇಜು ಪ್ರಯೋಗಾಲಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾವ ಪೇಟೆಗೆ ಹೋದರೂ ನೇಂದ್ರ ಬಾಳೆಕಾಯಿ ಚಿಪ್ಸ್ ಕರಿಯುವ ಅಂಗಡಿಯೊಂದು ಸಿಗುತ್ತದೆ. ಹಲಸಿನ ಕಾಲದಲ್ಲಿ ಒಳನಾಡಿನ ಮನೆಗಳಲ್ಲಿ ಸೋಂಟೆ (ಹಲಸಿನ ಚಿಪ್ಸ್) ಕರಿಯುವ ಕೆಲಸವೂ ಜೊತೆಗೂಡುತ್ತದೆ. ಬಾಣಲೆಯ ತಳದಲ್ಲಿ ಉಳಿಯುವ ಕಪ್ಪು ಎಣ್ಣೆ, ಕೋಳಿ ಅಂಗಡಿಗಳು ಚರ್ಮದೊಂದಿಗೆ ಬಿಸಾಡುವ ಹಳದಿ ಕೊಬ್ಬು, ಬೂತಾಯಿ ಮೀನಿನ ತ್ಯಾಜ್ಯದಿಂದ ಬರುವ ಎಣ್ಣೆ, ಇವೆಲ್ಲವೂ ಇಂಗಾಲದಿಂದ ಸಮೃದ್ಧವಾದ ವಸ್ತುಗಳು. ಈ ಕೊಬ್ಬನ್ನು ಆಹಾರವಾಗಿ ಬಳಸಿ ತಮ್ಮ ಕೋಶದೊಳಗೆ ನಿಜವಾದ ಪಾಲಿಯೆಸ್ಟರ್ ಪ್ಲಾಸ್ಟಿಕ್ಕನ್ನು ಕೂಡಿಡುವ ಬ್ಯಾಕ್ಟೀರಿಯಾಗಳಿವೆ. ಸೂಕ್ಷ್ಮಜೀವಶಾಸ್ತ್ರದ ಪ್ರಯೋಗಾಲಯವಿರುವ ಯಾವುದೇ ಪದವಿ ಕಾಲೇಜಿನಲ್ಲಿ, ಒಬ್ಬ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕ್ಲೋರೋಫಾರ್ಮ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲವನ್ನು ಬಳಸಬೇಕಾಗುವುದರಿಂದ ಇದು ಮನೆಯ ಅಡುಗೆಕೋಣೆಯಲ್ಲಿ ಮಾಡುವ ಪ್ರಯೋಗ ಖಂಡಿತ ಅಲ್ಲ.

ಮೊದಲೇ ಒಂದು ಮಾತು ಹೇಳಬೇಕು. ಈ ಕೆಲಸಕ್ಕೆ ಎಣ್ಣೆ ಸಿಗುವುದು ಕಷ್ಟವಲ್ಲ, ಬ್ಯಾಕ್ಟೀರಿಯಾ ಸಿಗುವುದೂ ಕಷ್ಟವಲ್ಲ. ನೀರಿನಲ್ಲಿ ಬೆಳೆಯುವ ಜೀವಿಗೆ ನೀರಿನಲ್ಲಿ ಬೆರೆಯದ ಆಹಾರವನ್ನು ಮುಟ್ಟಿಸುವುದು ಕಷ್ಟ. ಆದ್ದರಿಂದ ಎಣ್ಣೆಯನ್ನು ಶುದ್ಧಗೊಳಿಸುವ ಮತ್ತು ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆಯುವ ಹಂತಗಳನ್ನೇ ನಾನು ಇಲ್ಲಿ ಹೆಚ್ಚು ವಿಸ್ತಾರವಾಗಿ ಬರೆದಿದ್ದೇನೆ. ಆ ಎರಡು ಹಂತಗಳನ್ನು ಅವಸರದಲ್ಲಿ ಮುಗಿಸಿದರೆ ಮುಂದಿನ ಯಾವ ಎಚ್ಚರಿಕೆಯೂ ಫಲ ಕೊಡುವುದಿಲ್ಲ.

ಜೀವಿ ಯಾವುದು, ಪ್ಲಾಸ್ಟಿಕ್ ಯಾವುದು

ನಾವು ಪಡೆಯುವ ವಸ್ತುವಿನ ಹೆಸರು ಪಾಲಿಹೈಡ್ರಾಕ್ಸಿಬ್ಯುಟಿರೇಟ್, ಚಿಕ್ಕದಾಗಿ ಪಿಎಚ್‌ಬಿ. ಫ್ರಾನ್ಸಿನ ಮೋರಿಸ್ ಲೆಮ್ವಾನ್ಯ್ ಎಂಬ ವಿಜ್ಞಾನಿ 1926ರಲ್ಲಿ ಬ್ಯಾಸಿಲಸ್ ಮೆಗಾಟೀರಿಯಮ್ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ಗುರುತಿಸಿದರು. ಇಂಗಾಲ ಧಾರಾಳವಾಗಿದ್ದು ಸಾರಜನಕವೋ ರಂಜಕವೋ ಮುಗಿದುಹೋದಾಗ ಕೋಶ ವಿಭಜನೆ ನಿಲ್ಲುತ್ತದೆ; ಆಗ ಒಳಬರುವ ಇಂಗಾಲವನ್ನು ಬ್ಯಾಕ್ಟೀರಿಯಾ ಪಿಎಚ್‌ಬಿಯ ಕಣಗಳಾಗಿ ಸಂಗ್ರಹಿಸುತ್ತದೆ. ಎಣ್ಣೆಯ ವಿಷಯದಲ್ಲಿ ಈ ದಾರಿ ಸ್ಪಷ್ಟವಾಗಿದೆ: ಬ್ಯಾಕ್ಟೀರಿಯಾ ಹೊರಗೆ ಸ್ರವಿಸುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ಒಡೆಯುತ್ತದೆ, ಕೊಬ್ಬಿನಾಮ್ಲ ಒಳಗೆ ಹೋಗಿ ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಲ್ಪಟ್ಟು ಅಸಿಟೈಲ್ ಕೋಎ ಎಂಬ ಅಣುವಾಗುತ್ತದೆ, ಅಂಥ ಎರಡು ತುಂಡುಗಳು ಸೇರಿ ಪಿಎಚ್‌ಬಿಯ ಒಂದು ಕೊಂಡಿ ಆಗುತ್ತದೆ.

ಈ ಕೆಲಸಕ್ಕೆ ಅತ್ಯಂತ ಯೋಗ್ಯವಾದ ಜೀವಿ ಕುಪ್ರಿಯಾವಿಡಸ್ ನೆಕೇಟರ್, ಅದರಲ್ಲೂ ಎಚ್16 ಎಂಬ ತಳಿ. ಹಳೆಯ ಪುಸ್ತಕಗಳಲ್ಲಿ ಇದು ರಾಲ್ಸ್ಟೋನಿಯಾ ಯೂಟ್ರೋಫಾ ಎಂದೂ, ಅದಕ್ಕೂ ಹಿಂದೆ ಆಲ್ಕಲಿಜೀನ್ಸ್ ಯೂಟ್ರೋಫಸ್ ಎಂದೂ ಕಾಣಸಿಗುವುದರಿಂದ ಓದುವಾಗ ಗೊಂದಲಪಡಬಾರದು. ಇದು ಆರೋಗ್ಯವಂತರಿಗೆ ರೋಗ ತರುವ ಜೀವಿಯಲ್ಲ. ಗ್ಲೂಕೋಸನ್ನು ಬಳಸಲಾರದ ಈ ತಳಿ ಸಸ್ಯದ ಎಣ್ಣೆಯನ್ನೂ ಪ್ರಾಣಿಯ ಕೊಬ್ಬನ್ನೂ ಚೆನ್ನಾಗಿ ಬಳಸುತ್ತದೆ, ಹದವಾದ ಪರಿಸ್ಥಿತಿಯಲ್ಲಿ ಒಣತೂಕದ ಶೇಕಡಾ 80ರಷ್ಟನ್ನು ಪಿಎಚ್‌ಬಿಯಾಗಿ ಕೂಡಿಡಬಲ್ಲದು. ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಜೀವಿಸಂಗ್ರಹಗಳಲ್ಲಿ ಕುಪ್ರಿಯಾವಿಡಸ್ ನೆಕೇಟರ್ ಯಾವ ಕ್ರಮಾಂಕದಲ್ಲಿದೆ ಎಂದು ವಿಚಾರಿಸಿ ಕಾಲೇಜಿನ ಹೆಸರಿನಲ್ಲಿ ತರಿಸಿಕೊಳ್ಳಬೇಕು. ಎಣ್ಣೆ ನೆಂದ ಮಣ್ಣಿನಿಂದ ತಾವೇ ಬ್ಯಾಕ್ಟೀರಿಯಾ ಬೇರ್ಪಡಿಸುವ ಆಸೆ ವಿದ್ಯಾರ್ಥಿಗಳಿಗೆ ಸಹಜವಾಗಿ ಬರುತ್ತದೆ. ಅದು ಒಳ್ಳೆಯ ಅಭ್ಯಾಸವೇ. ಆದರೆ ಯಾವ ಜೀವಿ ಎಂದು ಗೊತ್ತಿಲ್ಲದೆ ಅದನ್ನು ಲೀಟರ್‌ಗಟ್ಟಲೆ ಬೆಳೆಸುವುದು ಸರಿಯಲ್ಲ. ಮೊದಲು ತಿಳಿದ ತಳಿಯಲ್ಲಿ ಕೈ ಪಳಗಲಿ.

ಸಕ್ಕರೆಯ ಬದಲು ಕೊಬ್ಬನ್ನೇ ಆರಿಸಲು ಬಲವಾದ ಕಾರಣವಿದೆ. ಒಂದು ಗ್ರಾಂ ಗ್ಲೂಕೋಸಿನಿಂದ ಲೆಕ್ಕದ ಪ್ರಕಾರ ಸಿಗಬಹುದಾದ ಪಿಎಚ್‌ಬಿ ಸುಮಾರು 0.48 ಗ್ರಾಂ ಮಾತ್ರ. ಎಣ್ಣೆಯಲ್ಲಿ ಪ್ರತಿ ಗ್ರಾಮಿಗೆ 0.6ರಿಂದ 0.8 ಗ್ರಾಂ ತನಕ ಪಡೆದವರಿದ್ದಾರೆ. ಜಪಾನಿನ ಕನೇಕಾ ಕಂಪನಿ ಇದೇ ಕುಟುಂಬದ ಪ್ಲಾಸ್ಟಿಕ್ಕನ್ನು ಸಸ್ಯದ ಎಣ್ಣೆಯಿಂದ ಕಾರ್ಖಾನೆಯ ಮಟ್ಟದಲ್ಲಿ ತಯಾರಿಸುತ್ತಿದೆ.

ಎಣ್ಣೆಯನ್ನು ಆರಿಸುವುದು

ಅಂಗಡಿಗೆ ಹೋದಾಗ ಎಣ್ಣೆಯ ಚರಿತ್ರೆಯನ್ನು ವಿಚಾರಿಸಿಯೇ ತರಬೇಕು. “ಅಣ್ಣಾ, ಇದು ಬರೀ ತೆಂಗಿನೆಣ್ಣೆಯಾ, ಪಾಮೋಲಿನ್ ಸೇರಿಸಿದ್ದುಂಟಾ? ಮೀನು, ಕೋಳಿ ಕರಿದದ್ದುಂಟಾ?” ಎಂಬಷ್ಟು ಕೇಳಿ ಡಬ್ಬದ ಮೇಲೆ ಬರೆದುಕೊಂಡರೆ, ಮುಂದೆ ಒಂದು ತಂಡದ ಫಲಿತಾಂಶ ಇನ್ನೊಂದಕ್ಕೆ ಹೊಂದದಿದ್ದಾಗ ಕಾರಣ ಹುಡುಕಲು ದಾರಿಯಿರುತ್ತದೆ.

ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಎಣ್ಣೆಯ ರೂಪದಲ್ಲಿರುವಾಗ ಅದರಿಂದ ತೊಂದರೆಯಿಲ್ಲ, ಆದರೆ ಬಿಡಿಯಾದ ಲಾರಿಕ್ ಆಮ್ಲ ಅನೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಮತ್ತೆಮತ್ತೆ ಕರಿದ ಎಣ್ಣೆಯಲ್ಲಿ, ಕಾಯಿಯ ನೀರಿನ ಅಂಶ ತಗುಲಿ, ಬಿಡಿ ಕೊಬ್ಬಿನಾಮ್ಲ ಏರುತ್ತಲೇ ಹೋಗುತ್ತದೆ. ಆದ್ದರಿಂದ ತೆಂಗಿನೆಣ್ಣೆಯನ್ನು ಬಳಸುವವರು ಆಮ್ಲದ ಅಳತೆಯನ್ನು ಬಿಡಲೇಬಾರದು. ಪಾಮೋಲಿನ್ ಮತ್ತು ಕೋಳಿಕೊಬ್ಬಿನಲ್ಲಿ ಮುಖ್ಯವಾಗಿರುವುದು ಪಾಮಿಟಿಕ್ ಮತ್ತು ಓಲಿಕ್ ಆಮ್ಲ. ಇವು ಬಿಡಿಯಾಗಿದ್ದರೂ ಈ ಜೀವಿ ಅವನ್ನು ಸಹಿಸಿಕೊಂಡು ಬಳಸುತ್ತದೆ. ಮೀನೆಣ್ಣೆ ಬೇಗನೆ ಗಾಳಿಯೊಂದಿಗೆ ಕೂಡಿ ಪೆರಾಕ್ಸೈಡುಗಳಾಗುತ್ತದೆ, ಕಮಟು ವಾಸನೆ ಕೊನೆಯ ಪ್ಲಾಸ್ಟಿಕ್ಕಿನವರೆಗೂ ಬಿಡುವುದಿಲ್ಲ. ಮೊದಲ ಪ್ರಯತ್ನಕ್ಕೆ ಅದನ್ನು ತೆಗೆದುಕೊಳ್ಳುವುದು ಬೇಡ.

ಇಲ್ಲಿ ನನ್ನ ಒಂದು ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ, ಮತ್ತೆಮತ್ತೆ ಕರಿದಾಗ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು ನಿಯಮ ಮಾಡಿದೆ, ಅಂಥ ಎಣ್ಣೆಯನ್ನು ಸಂಗ್ರಹಿಸಿ ಜೈವಿಕ ಡೀಸೆಲ್ ಮಾಡುವ ವ್ಯವಸ್ಥೆಯನ್ನೂ ಉತ್ತೇಜಿಸುತ್ತಿದೆ. ತಕ್ಕಮಟ್ಟಿಗೆ ಚೆನ್ನಾಗಿರುವ ಎಣ್ಣೆ ಡೀಸೆಲಿಗೆ ಹೋಗುವುದೇ ಸರಿ. ಆದರೆ ಬಿಡಿ ಆಮ್ಲ ಹೆಚ್ಚಾಗಿರುವ ಕೊಬ್ಬು ಕ್ಷಾರದೊಂದಿಗೆ ಸಾಬೂನಾಗುವುದರಿಂದ ಡೀಸೆಲ್ ಮಾಡುವವರು ಅದನ್ನು ಇಷ್ಟಪಡುವುದಿಲ್ಲ. ಹಾಗೆ ಯಾರಿಗೂ ಬೇಡವಾದ ಕೋಳಿಕೊಬ್ಬು ಬ್ಯಾಕ್ಟೀರಿಯಾಕ್ಕೆ ಆಗುತ್ತದೆ. ನಮ್ಮ ಪ್ರಯತ್ನಗಳು ಅತ್ತ ಸಾಗಬೇಕು. ಕಲಿಯುವ ಹಂತದಲ್ಲಿ ಮಾತ್ರ, ನಿಭಾಯಿಸಲು ಸುಲಭವೆಂಬ ಕಾರಣಕ್ಕೆ, ಚಿಪ್ಸ್ ಅಂಗಡಿಯ ಎಣ್ಣೆ ಇರಲಿ.

ಎಣ್ಣೆಯನ್ನು ಶುದ್ಧಗೊಳಿಸುವುದು

ನಮ್ಮ ಕಡೆ ಬಾಳೆಕಾಯಿ ಚಿಪ್ಸ್ ಕರಿಯುವಾಗ ಕುದಿಯುವ ಎಣ್ಣೆಗೇ ಉಪ್ಪು ಅರಿಶಿನ ಬೆರೆಸಿದ ನೀರನ್ನು ಚಿಮುಕಿಸುತ್ತಾರೆ. ಹಾಗಾಗಿ ಈ ಎಣ್ಣೆಯ ಗಸಿಯಲ್ಲಿ ಸುಟ್ಟ ಪಿಷ್ಟದ ಜೊತೆಗೆ ಉಪ್ಪಿನ ಹರಳೂ ಅರಿಶಿನದ ಬಣ್ಣವೂ ಇರುತ್ತದೆ. ಎಣ್ಣೆಯನ್ನು ಒಂದು ದಿನ ಅಲುಗಿಸದೆ ಇಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬೇಕು. ಆಮೇಲೆ ಅದನ್ನು 60 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿ ಎರಡು ಮಡಿಕೆಯ ಮಲ್ಲು ಬಟ್ಟೆಯಲ್ಲಿ ಸೋಸಿ, ಅಷ್ಟೇ ಬಿಸಿಯ, ಅಷ್ಟೇ ಪ್ರಮಾಣದ ಭಟ್ಟಿ ಇಳಿಸಿದ ನೀರಿನೊಂದಿಗೆ ಬೇರ್ಪಡಿಸುವ ಆಲಿಕೆಯಲ್ಲಿ ಮೆಲ್ಲಗೆ ಕಲಕಬೇಕು. ಜೋರಾಗಿ ಕುಲುಕಿದರೆ ಬೇರ್ಪಡದ ಗೊಜ್ಜಾಗುತ್ತದೆ. ಕೆಳಗೆ ಇಳಿದ ನೀರನ್ನು ತೆಗೆದು ಇದನ್ನೇ ಮೂರು ಬಾರಿ ಮಾಡಿ, ಕೊನೆಯ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಬಿಡಬೇಕು. ಬಿಳಿ ಮೋಡ ಕಟ್ಟಿದರೆ ಉಪ್ಪು ಇನ್ನೂ ಇದೆ ಎಂದರ್ಥ. ಅರಿಶಿನದ ಬಣ್ಣ ನೀರಿಗೆ ಬರುವುದಿಲ್ಲ. ಅದರ ವಿಚಾರ ಮುಂದೆ ಬರುತ್ತದೆ.

ಕೋಳಿಕೊಬ್ಬಾದರೆ ಕ್ರಮ ಬೇರೆ. ಕೊಬ್ಬಿನ ಭಾಗಗಳನ್ನು ಸಣ್ಣಗೆ ಹೆಚ್ಚಿ, ಅದರ ಅರ್ಧದಷ್ಟು ನೀರು ಸೇರಿಸಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ ಸೋಸಬೇಕು. ಫ್ರಿಜ್ಜಿನಲ್ಲಿ ತಣಿಸಿದಾಗ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ, ಕೆಳಗಿನ ನೀರಿನಲ್ಲಿ ಪ್ರೋಟೀನ್ ಉಳಿಯುತ್ತದೆ. ಹೆಪ್ಪನ್ನು ಎತ್ತಿ ಅದರ ಅಡಿಗೆ ಅಂಟಿದ ಬೂದು ಪದರವನ್ನು ಚೂರಿಯಿಂದ ಕೆರೆದು ತೆಗೆದು, ಮತ್ತೆ ಬಿಸಿನೀರಿನಲ್ಲಿ ತೊಳೆಯಬೇಕು. ಈ ಬೂದು ಪದರವನ್ನು ತೆಗೆಯುವುದು ಬರಿಯ ಶುಚಿತ್ವಕ್ಕಾಗಿ ಅಲ್ಲ: ಪ್ರೋಟೀನ್ ಎಂದರೆ ಸಾರಜನಕ. ಸಾರಜನಕ ಮುಗಿದರೆ ಮಾತ್ರ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಕೂಡಿಡುತ್ತದೆಯಾದ್ದರಿಂದ, ಕೊಬ್ಬಿನೊಂದಿಗೆ ಪ್ರೋಟೀನ್ ಒಳಸೇರಿದರೆ ಕೋಶಗಳು ಸುಮ್ಮನೆ ಸಂಖ್ಯೆಯಲ್ಲಿ ಹೆಚ್ಚುತ್ತ ಹೋಗುತ್ತವೆ, ಪಿಎಚ್‌ಬಿ ಕಡಿಮೆಯಾಗುತ್ತದೆ.

ಈಗ ಆಮ್ಲದ ಅಳತೆ. 5 ಗ್ರಾಂ ಎಣ್ಣೆಯನ್ನು ಮೊದಲೇ ತಟಸ್ಥಗೊಳಿಸಿದ 50 ಮಿಲಿಲೀಟರ್ ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕಲಕಿ, ಫಿನಾಲ್ಫ್ತಲೀನ್ ಹಾಕಿ, 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಗುಲಾಬಿ ಬಣ್ಣ ಅರ್ಧ ನಿಮಿಷ ನಿಲ್ಲುವವರೆಗೆ ಟೈಟ್ರೇಟ್ ಮಾಡಬೇಕು. ತೆಂಗಿನೆಣ್ಣೆಗೆ ಲಾರಿಕ್ ಆಮ್ಲದ ಲೆಕ್ಕದಲ್ಲಿ, ಬಳಸಿದ ಮಿಲಿಲೀಟರನ್ನು ನಾರ್ಮಾಲಿಟಿಯಿಂದಲೂ 20ರಿಂದಲೂ ಗುಣಿಸಿ ಎಣ್ಣೆಯ ತೂಕದಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಉದಾಹರಣೆಗೆ 4 ಮಿಲಿಲೀಟರ್ ಹಿಡಿದಿದ್ದರೆ ಬಿಡಿ ಆಮ್ಲ ಶೇಕಡಾ 1.6. ಓಲಿಕ್ ಆಮ್ಲ ಮುಖ್ಯವಾಗಿರುವ ಎಣ್ಣೆಗೆ 20ರ ಬದಲು 28.2 ತೆಗೆದುಕೊಳ್ಳಬೇಕು. ಎಣ್ಣೆ ತೀರ ಕಪ್ಪಾಗಿ ಬಣ್ಣದ ತಿರುವು ಕಾಣದಿದ್ದರೆ ಒಂದು ಗ್ರಾಂ ಎಣ್ಣೆ ಮಾತ್ರ ತೆಗೆದುಕೊಂಡು ಆಲ್ಕೋಹಾಲ್ ಹೆಚ್ಚಿಸಬಹುದು. ತೆಂಗಿನೆಣ್ಣೆಯಲ್ಲಿ ಬಿಡಿ ಆಮ್ಲ ಶೇಕಡಾ 5ನ್ನು ದಾಟಿದ್ದರೆ ಬ್ಯಾಕ್ಟೀರಿಯಾಕ್ಕೆ ಕೊಡಲು ಕೆಳಗೆ ಹೇಳಿದ ಎಣ್ಣೆಯ ಪ್ರಮಾಣದ ಅರ್ಧದಷ್ಟನ್ನು ಮೊದಲು ಕೊಟ್ಟು, ಉಳಿದ ಅರ್ಧವನ್ನು 24 ಗಂಟೆ ಕಳೆದ ಮೇಲೆ ಕೊಡುವುದು ಕ್ಷೇಮ.

ಎಮಲ್ಷನ್ ಮಾಡುವುದು

ಎಣ್ಣೆಯನ್ನು ನೇರವಾಗಿ ಮಾಧ್ಯಮಕ್ಕೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಲವಣದ ನೀರಿಗೆ, ಸುರಿದರೆ ಅದು ಮೇಲೆ ಒಂದು ಪದರವಾಗಿ ನಿಲ್ಲುತ್ತದೆ. ಬ್ಯಾಕ್ಟೀರಿಯಾದ ಲೈಪೇಸ್ ಕೆಲಸ ಮಾಡಿ, ಬಿಡುಗಡೆಯಾದ ಕೊಬ್ಬಿನಾಮ್ಲಗಳೇ ಸಾಬೂನಿನಂತೆ ವರ್ತಿಸಿ ಎಣ್ಣೆಯನ್ನು ತಾವೇ ಒಡೆಯುವವರೆಗೆ ಬೆಳವಣಿಗೆ ಕುಂಟುತ್ತದೆ, ಫ್ಲಾಸ್ಕಿನಿಂದ ಫ್ಲಾಸ್ಕಿಗೆ ಫಲ ಬೇರೆಬೇರೆಯಾಗುತ್ತದೆ. ಇದಕ್ಕೆ ಪರಿಹಾರ ಗಮ್ ಅರೇಬಿಕ್, ಅಂದರೆ ಒಂದು ಜಾತಿಯ ಜಾಲಿಮರದ ಅಂಟು. ಇದು ಎಣ್ಣೆಹನಿಗಳನ್ನು ಒಂದಕ್ಕೊಂದು ಕೂಡದಂತೆ ತಡೆಯುತ್ತದೆ. ಹೀಗೆ ಎಣ್ಣೆಯ ಸಣ್ಣ ಹನಿಗಳು ನೀರಿನಲ್ಲಿ ಹರಡಿ ನಿಂತ ಮಿಶ್ರಣವೇ ಎಮಲ್ಷನ್. ಪಾತ್ರೆ ತೊಳೆಯುವ ದ್ರಾವಣ ಮುಂತಾದವನ್ನು ಬಳಸುವ ಯೋಚನೆ ಬೇಡ, ಅವು ಕೋಶಗಳಿಗೆ ಹಾನಿಕರ.

3 ಗ್ರಾಂ ಗಮ್ ಅರೇಬಿಕ್ ಪುಡಿಯನ್ನು 85 ಮಿಲಿಲೀಟರ್ ನೀರಿನಲ್ಲಿ ಮ್ಯಾಗ್ನೆಟಿಕ್ ಸ್ಟರರ್ ಮೇಲಿಟ್ಟು ಪೂರ್ತಿ ಕರಗಿಸಿ, ಕರಗದ ಕಸವನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿ ತಿಳಿಯನ್ನು ತೆಗೆದುಕೊಳ್ಳಬೇಕು. ಅದಕ್ಕೆ 10 ಗ್ರಾಂ ಶುದ್ಧಗೊಳಿಸಿದ ಎಣ್ಣೆ ಸೇರಿಸಿ, ಒಟ್ಟು 100 ಮಿಲಿಲೀಟರ್ ಮಾಡಿ, ಹೋಮೋಜಿನೈಸರ್‌ನಲ್ಲಿ ಕೆಲವು ನಿಮಿಷ ಕಡೆಯಬೇಕು. ತಣ್ಣನೆಯ ಕೋಣೆಯಲ್ಲಿ ಇದನ್ನು ಮಾಡಬಾರದು: ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಹವಾನಿಯಂತ್ರಿತ ಪ್ರಯೋಗಾಲಯದಲ್ಲಿ ಹನಿಗಳು ಬಿಳಿ ಕಾಳುಗಳಾಗಿಬಿಡುತ್ತವೆ. ಎಣ್ಣೆ, ನೀರು, ಪಾತ್ರೆ ಮೂರೂ 40 ಡಿಗ್ರಿಯಲ್ಲಿರಲಿ. ಸರಿಯಾಗಿ ಆದ ಎಮಲ್ಷನ್ ಹೊಸದಾಗಿ ಹಿಂಡಿದ ತೆಂಗಿನಹಾಲಿನಂತೆ ಕಾಣುತ್ತದೆ. ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ, ಒಂದೇ ಗಾತ್ರದ ಸಣ್ಣ ಹನಿಗಳು ಒತ್ತೊತ್ತಾಗಿರಬೇಕು. ನಡುನಡುವೆ ದೊಡ್ಡ ಗುಂಡುಗಳು ಕಂಡರೆ ಇನ್ನೊಮ್ಮೆ ಕಡೆಯಬೇಕು.

ಕ್ರಿಮಿಶುದ್ಧಿಯಲ್ಲಿ ಹಲವರು ಗಮನಿಸದ ಒಂದು ಅಂಶವಿದೆ. ಆಟೋಕ್ಲೇವ್ ಕೆಲಸ ಮಾಡುವುದು ಹಬೆಯ ತೇವದಿಂದ. ನೀರಿಲ್ಲದ ಎಣ್ಣೆಯೊಳಕ್ಕೆ ಆ ತೇವ ಹೋಗುವುದಿಲ್ಲ, ಹಾಗಾಗಿ ಬರೀ ಎಣ್ಣೆಯನ್ನು ಆಟೋಕ್ಲೇವ್ ಮಾಡಿದರೆ ಬೀಜಕಣಗಳು ಉಳಿಯಬಹುದು. ಎಮಲ್ಷನ್ ರೂಪದಲ್ಲಿ ಪ್ರತಿ ಹನಿಯ ಸುತ್ತ ನೀರಿರುವುದರಿಂದ, 121 ಡಿಗ್ರಿಯಲ್ಲಿ 20 ನಿಮಿಷ ಇಡುವುದು ಸಾಕಾಗುತ್ತದೆ. ಬಾಟಲಿಯೊಳಗೆ ಮೊದಲೇ ಒಂದು ಮ್ಯಾಗ್ನೆಟಿಕ್ ಕಡ್ಡಿಯನ್ನು ಹಾಕಿಟ್ಟರೆ, ಬಿಸಿಗೆ ಸ್ವಲ್ಪ ಒಡೆದ ಎಮಲ್ಷನ್ನನ್ನು ಮುಚ್ಚಳ ತೆರೆಯದೆಯೇ ಮತ್ತೆ ಕಲಕಿ ಕೂಡಿಸಬಹುದು.

ಮಾಧ್ಯಮ ಮತ್ತು ಸಾರಜನಕದ ಲೆಕ್ಕ

ಒಂದು ಲೀಟರ್ ಕೊನೆಯ ಪ್ರಮಾಣಕ್ಕೆ ಬೇಕಾದ ಲವಣಗಳು ಇವು: ಹನ್ನೆರಡು ನೀರಿನ ಅಣುಗಳಿರುವ ಡೈಸೋಡಿಯಂ ಹೈಡ್ರೊಜನ್ ಫಾಸ್ಫೇಟ್ 9 ಗ್ರಾಂ, ಪೊಟ್ಯಾಷಿಯಂ ಡೈಹೈಡ್ರೊಜನ್ ಫಾಸ್ಫೇಟ್ 1.5 ಗ್ರಾಂ, ಅಮೋನಿಯಂ ಕ್ಲೋರೈಡ್ 1 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.2 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.02 ಗ್ರಾಂ, ಫೆರಿಕ್ ಅಮೋನಿಯಂ ಸಿಟ್ರೇಟ್ 1.2 ಮಿಲಿಗ್ರಾಂ, ಮತ್ತು ಸತು, ಮ್ಯಾಂಗನೀಸ್, ಬೋರಾನ್, ಕೋಬಾಲ್ಟ್, ತಾಮ್ರ, ನಿಕ್ಕಲ್, ಮಾಲಿಬ್ಡಿನಂ ಇರುವ ಸೂಕ್ಷ್ಮಲವಣ ದ್ರಾವಣ 1 ಮಿಲಿಲೀಟರ್. ಫಾಸ್ಫೇಟುಗಳೊಂದಿಗೆ ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಸೇರಿಸಿ ಆಟೋಕ್ಲೇವ್ ಮಾಡಿದರೆ ಬಿಳಿ ಗಸಿ ಇಳಿದು ಅವು ಬ್ಯಾಕ್ಟೀರಿಯಾಕ್ಕೆ ಸಿಗದೆ ಹೋಗುತ್ತವೆ. ಆದ್ದರಿಂದ ಅವನ್ನು ಬೇರೆ ಬಾಟಲಿಗಳಲ್ಲಿ ಕ್ರಿಮಿಶುದ್ಧಗೊಳಿಸಿ ತಣಿದ ಮೇಲೆ ಬೆರೆಸಬೇಕು. ಪಿಎಚ್, ಅಂದರೆ ದ್ರಾವಣದ ಆಮ್ಲೀಯತೆಯ ಅಳತೆ, 6.8ರಿಂದ 7ರ ನಡುವೆ ಇರಲಿ.

ಈ ಪ್ರಮಾಣಗಳು ಹೇಗೆ ಬಂದವೆಂದು ತಿಳಿದಿದ್ದರೆ ಮುಂದೆ ಅವನ್ನು ಬದಲಿಸುವುದೂ ಸುಲಭ. ಒಂದು ಗ್ರಾಂ ಅಮೋನಿಯಂ ಕ್ಲೋರೈಡಿನಲ್ಲಿರುವ ಸಾರಜನಕ 0.26 ಗ್ರಾಂ. ಪ್ಲಾಸ್ಟಿಕ್ ಬಿಟ್ಟು ಉಳಿದ ಕೋಶದ ಒಣತೂಕದಲ್ಲಿ ಸುಮಾರು ಶೇಕಡಾ 13 ಸಾರಜನಕವಿರುತ್ತದೆ ಎಂದು ಹಿಡಿದರೆ, ಇಷ್ಟರಲ್ಲಿ ಹುಟ್ಟಬಹುದಾದ ಕೋಶ 2 ಗ್ರಾಂ. ಕೊನೆಗೆ ಒಣತೂಕದ ಶೇಕಡಾ 70 ಪಿಎಚ್‌ಬಿ ಆಗಬೇಕೆಂದರೆ ಈ 2 ಗ್ರಾಂ ಉಳಿದ ಶೇಕಡಾ 30 ಆಗುತ್ತದೆ, ಪಿಎಚ್‌ಬಿ 4.7 ಗ್ರಾಂ ಆಗುತ್ತದೆ. ಗ್ರಾಂ ಎಣ್ಣೆಗೆ 0.7 ಗ್ರಾಂ ಪಿಎಚ್‌ಬಿ ಎಂಬ ಲೆಕ್ಕದಲ್ಲಿ ಅದಕ್ಕೆ 6.7 ಗ್ರಾಂ ಎಣ್ಣೆಯೂ, ಕೋಶ ಕಟ್ಟುವುದಕ್ಕೆ ಇನ್ನೆರಡು ಮೂರು ಗ್ರಾಮೂ ಬೇಕು. ಹಾಗಾಗಿ ಲೀಟರಿಗೆ 10 ಗ್ರಾಂ ಎಣ್ಣೆ. ಎಣ್ಣೆಯನ್ನು 30 ಗ್ರಾಮಿಗೆ ಏರಿಸಿದರೆ ಪ್ಲಾಸ್ಟಿಕ್ ಮೂರು ಪಟ್ಟಾಗುವುದಿಲ್ಲ. ಉಳಿದ ಎಣ್ಣೆ ಕೋಶಗಳಿಗೆ ಮೆತ್ತಿಕೊಂಡು ತೂಕದ ಲೆಕ್ಕವನ್ನು ಕೆಡಿಸುತ್ತದೆ, ಅಷ್ಟೇ.

ಬೆಳೆಸುವ ಕ್ರಮ

ತಟ್ಟೆಯಿಂದ ಒಂದು ಕಾಲನಿಯನ್ನು 50 ಮಿಲಿಲೀಟರ್ ನ್ಯೂಟ್ರಿಯೆಂಟ್ ಬ್ರಾತ್‌ಗೆ ಹಾಕಿ 30 ಡಿಗ್ರಿಯಲ್ಲಿ, ನಿಮಿಷಕ್ಕೆ 200 ಸುತ್ತಿನ ಶೇಕರಿನಲ್ಲಿ 24 ಗಂಟೆ ಬೆಳೆಸಬೇಕು. ಈ ಬ್ರಾತ್ ಸಾರಜನಕದಿಂದ ತುಂಬಿರುವುದರಿಂದ ಅದನ್ನು ಹಾಗೆಯೇ ಸುರಿಯಬಾರದು. ಕೋಶಗಳನ್ನು ಸೆಂಟ್ರಿಫ್ಯೂಜ್ ಮಾಡಿ, ಶೇಕಡಾ 0.85ರ ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಅಷ್ಟೇ ಉಪ್ಪುನೀರಿನಲ್ಲಿ ಕಲಕಿಕೊಳ್ಳಬೇಕು.

250 ಮಿಲಿಲೀಟರಿನ ಫ್ಲಾಸ್ಕಿಗೆ ಒಟ್ಟು 50 ಮಿಲಿಲೀಟರ್ ಮಾತ್ರ: ಲವಣಗಳ ದ್ರಾವಣ 42.5, ಎಮಲ್ಷನ್ 5, ಬ್ಯಾಕ್ಟೀರಿಯಾ 2.5 ಮಿಲಿಲೀಟರ್. ಕೊನೆಯ ಪ್ರಮಾಣಕ್ಕೆ ಹೊಂದುವಂತೆ ಲವಣದ ದ್ರಾವಣವನ್ನು ಮೊದಲೇ ಸ್ವಲ್ಪ ಸಾಂದ್ರವಾಗಿ ಮಾಡಿಕೊಂಡಿರಬೇಕು. ಫ್ಲಾಸ್ಕನ್ನು ಇದಕ್ಕಿಂತ ಹೆಚ್ಚು ತುಂಬಿದರೆ ಗಾಳಿ ಸಾಲುವುದಿಲ್ಲ. ಕೊಬ್ಬಿನಲ್ಲಿ ಆಮ್ಲಜನಕದ ಅಂಶ ಸಕ್ಕರೆಗಿಂತ ತುಂಬ ಕಡಿಮೆ ಇರುವುದರಿಂದ ಅದನ್ನು ಉರಿಸಿ ಬದುಕುವ ಜೀವಿಗೆ ಹೊರಗಿನ ಆಮ್ಲಜನಕ ಹೆಚ್ಚು ಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಶೇಕರ್ ನಿಂತರೆ ಕೋಶಗಳು ಉಸಿರುಗಟ್ಟುವುದಲ್ಲದೆ ಎಮಲ್ಷನ್ ಕೆನೆಗಟ್ಟುತ್ತದೆ. ಜೂನಿನಿಂದ ಆಗಸ್ಟಿನವರೆಗೆ ಈ ಕೆಲಸ ಮಾಡುವುದಾದರೆ ಶೇಕರಿಗೆ ಯುಪಿಎಸ್ ಇರಲೇಬೇಕು.

ಎಚ್16 ತಳಿ ಜೆಂಟಮೈಸಿನ್ ಎಂಬ ಔಷಧವನ್ನು ಸಹಜವಾಗಿ ತಡೆದುಕೊಳ್ಳುತ್ತದೆ, ಆದ್ದರಿಂದ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಸೇರಿಸಿದರೆ ಬೇರೆ ಬ್ಯಾಕ್ಟೀರಿಯಾಗಳ ಕಾಟ ತಗ್ಗುತ್ತದೆ. ಸಣ್ಣ ಫ್ಲಾಸ್ಕುಗಳಿಗೆ ಇದು ಸರಿ. ದೊಡ್ಡ ಪ್ರಮಾಣಕ್ಕೆ ಹೋದಾಗ ಔಷಧ ಸೇರಿದ ನೀರನ್ನು ಹೊರಬಿಡುವುದನ್ನು ನಾನು ಒಪ್ಪುವುದಿಲ್ಲ, ಅಲ್ಲಿ ಶುಚಿತ್ವದಿಂದಲೇ ಗೆಲ್ಲಬೇಕು.

24 ಗಂಟೆಗೊಮ್ಮೆ ಪಿಎಚ್ ನೋಡಬೇಕು. ಬ್ಯಾಕ್ಟೀರಿಯಾ ಅಮೋನಿಯಂ ಅನ್ನು ಎಳೆದುಕೊಂಡಂತೆ ದ್ರಾವಣ ಆಮ್ಲೀಯವಾಗಿ ಫಾಸ್ಫೇಟಿನ ಹಿಡಿತವನ್ನೂ ಮೀರಬಹುದು, 6.5ಕ್ಕಿಂತ ಕೆಳಗಿಳಿದರೆ ಕ್ರಿಮಿಶುದ್ಧ ಸೋಡಿಯಂ ಹೈಡ್ರಾಕ್ಸೈಡ್ ಹನಿಗಳಿಂದ 6.8ಕ್ಕೆ ತರಬೇಕು. 72 ಗಂಟೆಗೆ ಕೊಯ್ಲು. ಇನ್ನೂ ಬಿಟ್ಟರೆ ಹೆಚ್ಚು ಸಿಕ್ಕೀತೆಂದು ತಡಮಾಡಬಾರದು, ಏಕೆಂದರೆ ಎಣ್ಣೆ ಮುಗಿದ ಮೇಲೆ ಬ್ಯಾಕ್ಟೀರಿಯಾ ತಾನು ಕೂಡಿಟ್ಟ ಪಿಎಚ್‌ಬಿಯನ್ನೇ ಕರಗಿಸಿ ಬಳಸತೊಡಗುತ್ತದೆ.

ಒಳಗೆ ಪ್ಲಾಸ್ಟಿಕ್ ಇದೆಯೆ ಎಂದು ನೋಡುವುದು

ಎಮಲ್ಷನ್ ತಾನೇ ಬೆಳಕನ್ನು ಚದುರಿಸುವುದರಿಂದ ಬೆಳವಣಿಗೆಯನ್ನು ಕಲೊರಿಮೀಟರಿನಲ್ಲಿ ಅಳೆಯಲು ಬರುವುದಿಲ್ಲ. ಒಣತೂಕವೇ ನಂಬಬಹುದಾದ ಅಳತೆ. 10 ಮಿಲಿಲೀಟರ್ ಮಾದರಿಯನ್ನು ನಿಮಿಷಕ್ಕೆ 8000 ಸುತ್ತಿನಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ಎಣ್ಣೆಯ ಉಂಗುರವನ್ನೂ ನೀರನ್ನೂ ತೆಗೆದು, ತಳದ ಕೋಶಗಳನ್ನು ನೀರಿನಿಂದಲೂ ಸ್ವಲ್ಪ ತಣ್ಣನೆಯ ಹೆಕ್ಸೇನಿನಿಂದಲೂ ತೊಳೆದು, 60 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಬೇಕು. ಹೆಕ್ಸೇನ್ ಬೇಗನೆ ಬೆಂಕಿ ಹಿಡಿಯುವುದರಿಂದ ಸುತ್ತಮುತ್ತ ಬರ್ನರ್ ಉರಿಯುತ್ತಿರಬಾರದು. ಒಣಗಿಸುವ ಮುನ್ನ ಅದು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನೊಳಗೆ ಪೂರ್ತಿ ಆರಿಹೋಗಿರಬೇಕು.

ಸೂಕ್ಷ್ಮದರ್ಶಕದ ಪರೀಕ್ಷೆಗೆ ಸುಡಾನ್ ಬ್ಲಾಕ್ ಬಿ ಸಾಕು. ಹೆಕ್ಸೇನಿನಲ್ಲಿ ತೊಳೆದ ಕೋಶಗಳನ್ನು ಗಾಜಿನ ಮೇಲೆ ಸವರಿ, ಬಿಸಿಯಲ್ಲಿ ಅಂಟಿಸಿ, ಆಲ್ಕೋಹಾಲಿನಲ್ಲಿ ಕರಗಿಸಿದ ಶೇಕಡಾ 0.3ರ ಬಣ್ಣದಲ್ಲಿ ಹತ್ತು ನಿಮಿಷ ಇಟ್ಟು, ಕ್ಸೈಲೀನ್‌ನಿಂದ ತಿಳಿಗೊಳಿಸಿ, ಸಫ್ರಾನಿನ್‌ನಿಂದ ಕೆಲವು ಸೆಕೆಂಡು ಬಣ್ಣ ಹಾಕಬೇಕು. ಆಯಿಲ್ ಇಮರ್ಷನ್ ಲೆನ್ಸಿನಲ್ಲಿ ತೆಳು ಗುಲಾಬಿಯ ಗಿಡ್ಡ ಕಡ್ಡಿಗಳೂ, ಒಂದೊಂದರ ಒಳಗೂ ನೀಲಿಗಪ್ಪು ಚುಕ್ಕೆಗಳೂ ಕಾಣುತ್ತವೆ. ಚೆನ್ನಾಗಿ ತುಂಬಿಕೊಂಡ ಕೋಶಗಳಲ್ಲಿ ಚುಕ್ಕೆಗಳು ಒಂದಕ್ಕೊಂದು ತಾಗಿ ಗುಲಾಬಿ ಬಣ್ಣ ಅಂಚಿನಲ್ಲಿ ಒಂದು ಗೆರೆಯಷ್ಟೇ ಉಳಿದಿರುತ್ತದೆ. ಸುಡಾನ್ ಬ್ಲಾಕ್ ಎಲ್ಲ ಕೊಬ್ಬಿಗೂ ಹಿಡಿಯುತ್ತದೆ. ಕೋಶದ ಹೊರಗೆ ಕಾಣುವ ಕಪ್ಪು ಗುಂಡು ಉಳಿದ ಎಣ್ಣೆಯೇ ಹೊರತು ಪ್ಲಾಸ್ಟಿಕ್ ಅಲ್ಲ.

ಪ್ರಮಾಣ ತಿಳಿಯಲು, ಮುಂದೆ ಹೇಳುವಂತೆ ಹೊರತೆಗೆದು ಶುದ್ಧಗೊಳಿಸಿದ ಪಿಎಚ್‌ಬಿಯನ್ನು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕುದಿನೀರಿನ ಪಾತ್ರೆಯಲ್ಲಿ 10 ನಿಮಿಷ ಬಿಸಿಮಾಡಿದರೆ ಅದು ಕ್ರೋಟಾನಿಕ್ ಆಮ್ಲವಾಗುತ್ತದೆ. ತಣಿಸಿ, ಕ್ವಾರ್ಟ್ಜ್ ಕುವೆಟ್ಟಿನಲ್ಲಿ 235 ನ್ಯಾನೋಮೀಟರಿನಲ್ಲಿ ಅಳೆದು, ಕೊಂಡುತಂದ ಪಿಎಚ್‌ಬಿಯಿಂದ ಮಾಡಿದ ಪ್ರಮಾಣರೇಖೆಯೊಂದಿಗೆ ಹೋಲಿಸಬೇಕು. ಗ್ಯಾಸ್ ಕ್ರೊಮಟೋಗ್ರಾಫ್ ಸೌಲಭ್ಯ ಸಿಗುವುದಾದರೆ ಅದು ಇನ್ನೂ ಒಳ್ಳೆಯದು.

ಹೊರತೆಗೆಯುವುದು

ಒಂದು ಗ್ರಾಂ ಒಣಕೋಶಕ್ಕೆ 50 ಮಿಲಿಲೀಟರ್ ಕ್ಲೋರೋಫಾರ್ಮ್ ಹಾಕಿ, ಕಂಡೆನ್ಸರ್ ಜೋಡಿಸಿದ ಫ್ಲಾಸ್ಕಿನಲ್ಲಿ, ಫ್ಯೂಮ್ ಹುಡ್‌ನೊಳಗೆ 55 ಡಿಗ್ರಿಯಲ್ಲಿ ಮೂರು ಗಂಟೆ ಕಲಕಬೇಕು. ಸೋಸಿದ ದ್ರಾವಣವನ್ನು ರೋಟರಿ ಇವಾಪೊರೇಟರಿನಲ್ಲಿ ಕಾಲುಭಾಗಕ್ಕೆ ಇಳಿಸಿ, ಅದರ ಹತ್ತುಪಟ್ಟು ಐಸಿನಲ್ಲಿಟ್ಟ ಮೆಥನಾಲಿಗೆ ಹನಿಹನಿಯಾಗಿ, ಕಲಕುತ್ತ ಸುರಿದರೆ ಪಿಎಚ್‌ಬಿ ಬಿಳಿಯ ಎಳೆಗಳಾಗಿ ಹೊರಬೀಳುತ್ತದೆ. ಮೇಲೆ ಹೇಳಿದ ಅರಿಶಿನದ ಬಣ್ಣ ಕ್ಲೋರೋಫಾರ್ಮಿಗೂ ಬಂದಿರುತ್ತದೆ, ಆದರೆ ಮೆಥನಾಲಿನಲ್ಲಿ ಕರಗಿ ಅಲ್ಲಿಯೇ ಉಳಿಯುತ್ತದೆ. ಎಳೆಗಳು ಹಳದಿಯಾಗಿದ್ದರೆ ಮತ್ತೊಮ್ಮೆ ಕರಗಿಸಿ ಮತ್ತೊಮ್ಮೆ ಬೀಳಿಸಬೇಕು. ಇಲ್ಲವಾದರೆ 235 ನ್ಯಾನೋಮೀಟರಿನ ಅಳತೆಯೂ ತಪ್ಪಾಗುತ್ತದೆ.

ಇಲ್ಲಿ ಅಪಾಯಗಳು ನಿಜವಾದವು. ಕ್ಲೋರೋಫಾರ್ಮ್ ಯಕೃತ್ತಿಗೆ ಹಾನಿ ಮಾಡುತ್ತದೆ, ಕ್ಯಾನ್ಸರಿನ ಶಂಕೆಯೂ ಇದೆ. ಕ್ಲೋರೋಫಾರ್ಮಿನ ತ್ಯಾಜ್ಯವನ್ನು ಅಸಿಟೋನ್ ಇರುವ ಬಾಟಲಿಗೆ ಎಂದೂ ಸುರಿಯಬಾರದು, ಕ್ಷಾರದ ಅಂಶವಿದ್ದರೆ ಸ್ಫೋಟಕ್ಕೆ ಸಮಾನವಾದ ಪ್ರತಿಕ್ರಿಯೆ ನಡೆಯುತ್ತದೆ. ಹ್ಯಾಲೊಜನ್ ತ್ಯಾಜ್ಯಕ್ಕೆಂದೇ ಒಂದು ಕ್ಯಾನ್ ಇಟ್ಟು, ಅನುಮತಿ ಪಡೆದ ತ್ಯಾಜ್ಯಸಂಸ್ಕಾರಕರಿಗೇ ಕೊಡಬೇಕು. ಬಾವಿಗಳನ್ನೇ ನಂಬಿ ಬದುಕುವ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನಮ್ಮ ಊರುಗಳಲ್ಲಿ ಇದನ್ನು ಸಿಂಕಿಗೆ ಸುರಿಯುವುದು ನೆರೆಯವರ ಕುಡಿಯುವ ನೀರಿಗೆ ಸುರಿದಂತೆಯೇ.

ಕ್ಲೋರೋಫಾರ್ಮ್ ಬೇಡವೆನ್ನುವವರು ಮಾರುಕಟ್ಟೆಯ ಶೇಕಡಾ 4ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಲ್ಲಿ ಕೋಶಗಳನ್ನು 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಕೋಶದ ಉಳಿದ ಭಾಗಗಳು ಕರಗಿದ ಮೇಲೆ ಪಿಎಚ್‌ಬಿಯನ್ನು ಸೆಂಟ್ರಿಫ್ಯೂಜಿನಲ್ಲಿ ಇಳಿಸಿಕೊಳ್ಳಬಹುದು. ಇದು ಪಾಲಿಮರಿನ ಸರಪಳಿಯನ್ನು ತುಂಡರಿಸುವುದರಿಂದ ಹಾಳೆ ಇನ್ನೂ ಬಿರುಸಾಗುತ್ತದೆ. ಹೈಪೊಕ್ಲೋರೈಟನ್ನು ನೀರಿನಲ್ಲಿ ಚೆನ್ನಾಗಿ ತೊಳೆದುಬಿಡುವ ಮೊದಲು ಅಸಿಟೋನ್, ಆಲ್ಕೋಹಾಲ್ ಮುಟ್ಟಿಸಬಾರದು, ಆಮ್ಲವನ್ನಂತೂ ಹತ್ತಿರ ತರಲೇಬಾರದು. ಸೌಕರ್ಯವಿದ್ದವರಿಗೆ ನನ್ನ ಸಲಹೆ ಡೈಮೀಥೈಲ್ ಕಾರ್ಬೊನೇಟ್. 90 ಡಿಗ್ರಿಯ ಆಸುಪಾಸಿನಲ್ಲಿ ಅದು ಪಿಎಚ್‌ಬಿಯನ್ನು ಕರಗಿಸುತ್ತದೆ, ವಿಷ ಬಹಳ ಕಡಿಮೆ, ಬೆಂಕಿಯ ಎಚ್ಚರಿಕೆ ಮಾತ್ರ ಬೇಕು.

ಯಾವ ದಾರಿ ಹಿಡಿದರೂ ಉಳಿದ ಮಾಧ್ಯಮ, ತಟ್ಟೆಗಳು, ಕೋಶದ ಚರಟ ಎಲ್ಲವನ್ನೂ ಆಟೋಕ್ಲೇವ್ ಮಾಡಿಯೇ ಹೊರಹಾಕಬೇಕು. ಕ್ಲೋರೋಫಾರ್ಮ್ ಅಥವಾ ಹೈಪೊಕ್ಲೋರೈಟ್ ತಗುಲಿದ್ದನ್ನು ಮಾತ್ರ ಆಟೋಕ್ಲೇವಿನೊಳಗೆ ಇಡಬಾರದು.

ಹಾಳೆ ಮತ್ತು ಮಣ್ಣಿನ ಪರೀಕ್ಷೆ

ಪಿಎಚ್‌ಬಿಯನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿದ ಶೇಕಡಾ 2ರ ದ್ರಾವಣವನ್ನು ಗಾಜಿನ ಪೆಟ್ರಿತಟ್ಟೆಗೆ ಸುರಿದು, ಮುಚ್ಚಳವನ್ನು ಓರೆಯಾಗಿಟ್ಟು ಹುಡ್‌ನೊಳಗೆ ಒಂದು ದಿನ ಬಿಟ್ಟರೆ ಹಾಳೆ ಸಿದ್ಧ. ಮೊದಲ ದಿನ ಬಾಗುವ ಹಾಳೆ ವಾರ ಕಳೆಯುವುದರೊಳಗೆ ಬಿರುಸಾಗಿ ಮುರಿಯುತ್ತದೆ. ಪಿಎಚ್‌ಬಿ ನಮ್ಮ ಕೋಣೆಯ ಉಷ್ಣತೆಯಲ್ಲಿಯೂ ನಿಧಾನವಾಗಿ ಸ್ಫಟಿಕಗಟ್ಟುತ್ತಲೇ ಹೋಗುವುದು ಇದಕ್ಕೆ ಕಾರಣ. ಟ್ರೈಈಥೈಲ್ ಸಿಟ್ರೇಟಿನಂಥ ಮೃದುಕಾರಕವನ್ನು ಪಾಲಿಮರಿನ ತೂಕದ ಶೇಕಡಾ 10ರಿಂದ 20ರಷ್ಟು ಸೇರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ನಿಜವಾದ ಪರಿಹಾರ ಸರಪಳಿಯಲ್ಲೇ ಇದೆ: ಸಹಜ ಎಣ್ಣೆಗಳ ಕೊಬ್ಬಿನಾಮ್ಲಗಳಲ್ಲಿ ಇಂಗಾಲದ ಸಂಖ್ಯೆ ಸಮವಾಗಿರುವುದರಿಂದ ಎಚ್16 ಅವುಗಳಿಂದ ಬಹುಮಟ್ಟಿಗೆ ಶುದ್ಧ ಪಿಎಚ್‌ಬಿಯನ್ನೇ ಕಟ್ಟುತ್ತದೆ, 24 ಗಂಟೆಯ ನಂತರ ಲೀಟರಿಗೆ ಒಂದು ಗ್ರಾಂ ಮೀರದಂತೆ ಸೋಡಿಯಂ ಪ್ರೊಪಿಯೊನೇಟ್ ಕೊಟ್ಟರೆ ವ್ಯಾಲರೇಟ್ ಕೊಂಡಿಗಳೂ ಸೇರಿ ಹಾಳೆ ಮೆದುವಾಗುತ್ತದೆ. ಅದು ಹೆಚ್ಚಾದರೆ ಬ್ಯಾಕ್ಟೀರಿಯಾಕ್ಕೆ ವಿಷ.

ಮಣ್ಣಿನ ಪರೀಕ್ಷೆಗೆ ಒಂದೇ ಅಳತೆಯ ತುಂಡುಗಳನ್ನು ತೂಗಿ, ನೈಲಾನ್ ಬಲೆಯ ಚೀಲಗಳಲ್ಲಿ ಹಾಕಿ, ಒಂದು ಸಾಲನ್ನು ಅಡಿಕೆ ತೋಟದ ಸೊಪ್ಪು ಕೊಳೆತ ಮಣ್ಣಿನಲ್ಲೂ ಇನ್ನೊಂದನ್ನು ಬರೀ ಮುರ ಮಣ್ಣಿನಲ್ಲೂ 10 ಸೆಂಟಿಮೀಟರ್ ಆಳದಲ್ಲಿ ಹುಗಿಯಬೇಕು. ಹೋಲಿಕೆಗೆ ಸಾಮಾನ್ಯ ಪ್ಲಾಸ್ಟಿಕ್ ತೊಟ್ಟೆಯ (ಚೀಲದ) ತುಂಡೂ ಇರಲಿ. ಎರಡು ವಾರಕ್ಕೊಮ್ಮೆ ತೆಗೆದು, ಮೆಲ್ಲಗೆ ತೊಳೆದು, ಒಣಗಿಸಿ ತೂಗಬೇಕು. ಪಿಎಚ್‌ಬಿಯನ್ನು ಕರಗಿಸುವುದು ಮಣ್ಣಿನ ಸೂಕ್ಷ್ಮಜೀವಿಗಳು ಸ್ರವಿಸುವ ಕಿಣ್ವವಾದ್ದರಿಂದ, ಸೂಕ್ಷ್ಮಜೀವಿಗಳು ತುಂಬಿದ ತೇವದ ಮಣ್ಣಿಗೂ ಒಣ ಮುರಕ್ಕೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ತಕ್ಕಡಿಯಲ್ಲೇ ಕಾಣಬಹುದು.

ಮುಂದಿನ ಪ್ರಮಾಣಕ್ಕೆ ಹೋಗುವವರಿಗೆ

ಒಂದು ಫ್ಲಾಸ್ಕಿನಿಂದ ಲೆಕ್ಕದ ಪ್ರಕಾರ 0.23 ಗ್ರಾಂ ಪಿಎಚ್‌ಬಿ. ಮೊದಲ ಬಾರಿಗೆ ಅದರ ಅರ್ಧ ಕೈಗೆ ಬಂದರೂ ಒಳ್ಳೆಯ ಫಲವೇ. ಇದೇ ಪ್ರಮಾಣದಲ್ಲಿ 10 ಕಿಲೋ ಎಣ್ಣೆಯನ್ನು ಬಳಸಬೇಕೆಂದರೆ ಸಾವಿರ ಲೀಟರ್ ಮಾಧ್ಯಮ ಬೇಕಾಗುತ್ತದೆ, ಅದು ಯಾರಿಗೂ ಪೂರೈಸುವ ಮಾತಲ್ಲ. ಆದ್ದರಿಂದ ಕಾರ್ಖಾನೆಗಳು ಎಣ್ಣೆಯನ್ನೂ ಅಮೋನಿಯಾವನ್ನೂ ಹಂತಹಂತವಾಗಿ ಉಣಿಸುವ ವಿಧಾನ ಹಿಡಿದಿವೆ. ಸೋಯಾ ಎಣ್ಣೆಯಲ್ಲಿ ಲೀಟರಿಗೆ 100 ಗ್ರಾಂ ಮೀರಿ ಒಣಕೋಶ ಪಡೆದ ಪ್ರಕಟಿತ ಪ್ರಯೋಗಗಳಿವೆ. 5 ಲೀಟರಿನ ಫರ್ಮೆಂಟರ್ ಇರುವ ಸಂಸ್ಥೆಯೊಂದಿಗೆ ಸೇರಿ ಕೆಲಸ ಮಾಡುವವರು ಕರಗಿದ ಆಮ್ಲಜನಕವನ್ನು ಶೇಕಡಾ 30ರ ಮೇಲೆ ಉಳಿಸಿಕೊಂಡು, ಮೊದಲು ಅಮೋನಿಯಾ ಕೊಟ್ಟು ಕೋಶ ಹೆಚ್ಚಿಸಿ, ಆಮೇಲೆ ಅದನ್ನು ನಿಲ್ಲಿಸಿ ಎಣ್ಣೆಯನ್ನಷ್ಟೇ ಉಣಿಸಬೇಕು. ಕೊಯ್ಲಿಗೆ ಕೆಲವು ಗಂಟೆ ಮೊದಲು ಎಣ್ಣೆಯನ್ನೂ ನಿಲ್ಲಿಸಿದರೆ ಉಳಿಕೆ ಮುಗಿದು ಮುಂದಿನ ತೊಳೆಯುವ ಕೆಲಸ ಹಗುರಾಗುತ್ತದೆ.

ಯಾವ ವಸ್ತು ಮಾಡಬೇಕೆಂಬುದನ್ನೂ ಈಗಲೇ ಯೋಚಿಸಬೇಕು. ಊಟದ ತಟ್ಟೆಗೆ ನಮ್ಮಲ್ಲಿ ಅಡಿಕೆ ಹಾಳೆ ಇದೆ, ಅದರ ಜಾಗಕ್ಕೆ ಪಿಎಚ್‌ಬಿಯನ್ನು ತರುವುದರಲ್ಲಿ ಅರ್ಥವಿಲ್ಲ. ಅಡಿಕೆ, ಕಾಳುಮೆಣಸು, ಕೊಕ್ಕೋ ಗಿಡಗಳನ್ನು ಎಬ್ಬಿಸುವ ನರ್ಸರಿಗಳಲ್ಲಿ ಮಾತ್ರ ಕಪ್ಪು ಪಾಲಿಥಿನ್ ತೊಟ್ಟೆಗಳು ರಾಶಿರಾಶಿಯಾಗಿ ಬಳಕೆಯಾಗುತ್ತವೆ, ನೆಡುವಾಗ ಹರಿದ ಚೂರುಗಳು ತೋಟದಲ್ಲೇ ಹೂತುಹೋಗುತ್ತವೆ. ಗಿಡದೊಂದಿಗೇ ನೆಟ್ಟುಬಿಡಬಹುದಾದ, ದಪ್ಪ ಗೋಡೆಯ ಸಣ್ಣ ಬಟ್ಟಲುಗಳಿಗೆ ಪಿಎಚ್‌ಬಿಯ ಬಿರುಸುತನ ಅಡ್ಡಿಯಲ್ಲ. ಅದು ಕರಗುವುದು ಸುಮಾರು 175 ಡಿಗ್ರಿಯಲ್ಲಿ, ಅದಕ್ಕಿಂತ ಸ್ವಲ್ಪ ಮೇಲೆ ಹೋದರೆ ಸರಪಳಿ ಒಡೆಯತೊಡಗುತ್ತದೆ. ಅಚ್ಚಿಗೆ ಒತ್ತುವಾಗ ಈ ಕಿರಿದಾದ ಅಂತರದೊಳಗೆ, ಪೂರ್ತಿ ಒಣಗಿಸಿದ ಪುಡಿಯನ್ನು, ಆದಷ್ಟು ಕಡಿಮೆ ಹೊತ್ತು ಬಿಸಿಯಲ್ಲಿಟ್ಟು ಕೆಲಸ ಮುಗಿಸಬೇಕು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ ಎಂದು ಹೇಳಿ ಮಾರುವುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕಾಗುವುದರಿಂದ, ಪ್ರಯೋಗದ ಬಟ್ಟಲುಗಳನ್ನು ಕಾಲೇಜಿನ ಆವರಣದ ಅಥವಾ ಒಪ್ಪಿಗೆ ಕೊಟ್ಟ ಕೃಷಿಕರ ತೋಟದ ಗಿಡಗಳಿಗೆ ಮಾತ್ರ ಬಳಸಿ, ಬೇರು ಗೋಡೆಯನ್ನು ಯಾವ ತಿಂಗಳಲ್ಲಿ ದಾಟಿತು ಎಂಬುದನ್ನು ಗಿಡಗಿಡಕ್ಕೂ ಬರೆದಿಡಬೇಕು.